ಐವತ್ತೊಂದು ಮೆಟ್ಟಿಲಿನ ದೊಡ್ಡಕ್ಕ

ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರೇ ಇಲ್ಲ. ರೋಗಿಗಳಿಗೆ ದೊಡ್ಡಕ್ಕ, ನರ್ಸುಗಳಿಗೆ ದೊಡ್ಡಕ್ಕ, ಅವಳಿಗಿಂತ ಹದಿನೈದು ವರ್ಷ ಹಿರಿಯರಾದ ದೊಡ್ಡ ಡಾಕ್ಟರಿಗೂ ದೊಡ್ಡಕ್ಕನೇ. ಮೂವತ್ತೊಂದು ವರ್ಷ ಆಯಾ ಆಗಿ ದುಡಿದಳು. ಎಂಥ ದಢೂತಿ ಆಸಾಮಿಯನ್ನೂ ಮಂಚದಿಂದ ಗಾಲಿಕುರ್ಚಿಗೆ ದಾಟಿಸುವ ಉಪಾಯ ಅವಳಿಗೆ ಗೊತ್ತಿತ್ತು. ನಾಚಿಕೆಯಿಂದ ಮುದುಡುವವರಿಗೆ, "ನನ್ನ ಹತ್ರ ಎಂಥ ನಾಚಿಕೆ? ಕತ್ತು ಹಿಡ್ಕೊ, ಏಳು" ಎಂದು ಗದರುತ್ತಿದ್ದಳು. ಅವರೂ ತುಟಿ ಪಿಟಕ್ಕೆನ್ನದೆ ಏಳುತ್ತಿದ್ದರು.

ಅವಳಿಗಿದ್ದದ್ದು ಒಂದೇ ಹುಚ್ಚು, ಡಾಕ್ಟರ ರೌಂಡ್ಸ್. ಹತ್ತಕ್ಕೆ ಡಾಕ್ಟರು ಬರುತ್ತಾರೆಂದರೆ ಒಂಬತ್ತೂವರೆಗೆಲ್ಲ ಹೊದಿಕೆಗಳ ಸುಕ್ಕು ಹೋಗಿರಬೇಕು, ಬೇಸಿನ್ನು ಬಕೆಟ್ಟುಗಳು ಕಣ್ಮರೆಯಾಗಿರಬೇಕು, ನರಳುವವರು ಬೇಕಾದರೆ ನರಳಲಿ, ಆದರೆ ತಲೆ ಬಾಚಿಕೊಂಡು ನರಳಬೇಕು. ಒಮ್ಮೆ ಒಬ್ಬ ರೋಗಿಯನ್ನು ಎಷ್ಟು ಚಂದ ಸಿಂಗರಿಸಿ ಕೂರಿಸಿದ್ದಳೆಂದರೆ, ಹೊಸ ಡಾಕ್ಟರೊಬ್ಬರು ಅವನನ್ನು ಯಾರೋ ನೆಂಟನೆಂದು ತಿಳಿದು, "ನೋಡೋ ಟೈಮ್ ಮುಗೀತು, ಹೊರಡ್ರಿ" ಎಂದುಬಿಟ್ಟರು. ಮುರಿದ ಕಾಲು ಹೊದಿಕೆಯ ಒಳಗಿತ್ತು.

ಅಷ್ಟು ಜನರನ್ನು ಎತ್ತಿದ ಆ ಮಂಡಿಗಳು ಕೆಲಸದಿಂದ ನಿವೃತ್ತಿಯಾದ ಮೂರನೇ ವರ್ಷಕ್ಕೆ ಅವಳಿಗೇ ಕೈಕೊಟ್ಟವು. ಮನೆ ಇದ್ದದ್ದು ಮೂರನೇ ಮಹಡಿಯಲ್ಲಿ. ಐವತ್ತೊಂದು ಮೆಟ್ಟಿಲು, ಲಿಫ್ಟ್ ಇಲ್ಲ. ಇಳಿಯಬೇಕೆಂದರೆ ಮೆಟ್ಟಿಲ ಮೇಲೆ ಕುಂಡೆಯೂರಿ, ಒಂದೊಂದೇ ಮೆಟ್ಟಿಲು ಜಾರಬೇಕು. ಎರಡು ಸಲ ಹಾಗೆ ಇಳಿದಳು. ಎರಡನೇ ಸಲ ಕೆಳಗಿನ ಟೈಲರ್ ಅಂಗಡಿಗೆ ಬಂದಿದ್ದ ಹೆಂಗಸರು ಅಯ್ಯೋ ಪಾಪ ಎಂದರು. ಆ ಅಯ್ಯೋ ಪಾಪ ಅವಳಿಗೆ ಮಂಡಿನೋವಿಗಿಂತ ಹೆಚ್ಚು ಚುಚ್ಚಿತು. ಅಲ್ಲಿಗೆ ಇಳಿಯುವುದನ್ನೇ ಬಿಟ್ಟಳು. ಹದಿನಾಲ್ಕು ತಿಂಗಳು ರಸ್ತೆಗೆ ಕಾಲಿಡಲಿಲ್ಲ. ಕೇಳಿದವರಿಗೆ, "ಆ ಧೂಳಲ್ಲಿ ಯಾರು ಹೋಗ್ತಾರೆ" ಎನ್ನುವಳು.

ನಗರಸಭೆಯ ಕಡಿಮೆ ಬಾಡಿಗೆಯ ಮನೆಗಳ ಸುದ್ದಿ ಆ ಊರಿನಲ್ಲಿ ಹಳೆಯದು. ಎರಡು ಚುನಾವಣೆಯಲ್ಲಿ ಮನೆಗಳು ಪೋಸ್ಟರಿನಲ್ಲೇ ಕಟ್ಟಿ ಮುಗಿದಿದ್ದವು, ಬಣ್ಣವನ್ನೂ ಬಳಿಸಿಕೊಂಡಿದ್ದವು. ಹಾಗಾಗಿ ಹಳೆಯ ಗೋದಾಮು ಕೆಡವಿ ನಿಜವಾಗಿಯೂ ಇಟ್ಟಿಗೆ ಇಳಿಸಿದಾಗ ಜನ ಮೂಗಿನ ಮೇಲೆ ಬೆರಳಿಟ್ಟರು. ಎರಡು ಬ್ಲಾಕು ತುಂಬಿ, ಮೂರನೆಯದು ಏಳುತ್ತಿತ್ತು. ನೆಲಮಹಡಿಯ ಮನೆಗಳೆಲ್ಲ ಮೆಟ್ಟಿಲು ಹತ್ತಲಾಗದವರಿಗೆ ಮೀಸಲು. ಅಗಲವಾದ ಬಾಗಿಲು, ಹೊಸ್ತಿಲಿಲ್ಲ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ. ದೊಡ್ಡಕ್ಕನ ಗಂಡ, ಬಸ್ ಕಂಡಕ್ಟರಾಗಿದ್ದವನು, ಅರ್ಜಿ ಹಾಕಿ ಬಂದ. ಬುಧವಾರ ಹನ್ನೊಂದಕ್ಕೆ ಅಧಿಕಾರಿ ಮನೆಗೆ ಬಂದು, ಕಷ್ಟ ಎಷ್ಟಿದೆ ನೋಡಿ, ಇಪ್ಪತ್ತಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ ಎಂಬ ಪತ್ರ ಬಂತು. ಹನ್ನೆರಡು ಬಂದರೆ ಮನೆ. ಇಲ್ಲದಿದ್ದರೆ ನಾಲ್ಕನೇ ಬ್ಲಾಕು ಏಳುವವರೆಗೆ, ಅಂದರೆ ಮೂರು ವರ್ಷ, ಕಿಟಕಿಯೇ ಗತಿ.

ಅಧಿಕಾರಿ ಬರುತ್ತಾರೆ ಎಂದದ್ದೇ ತಡ, ದೊಡ್ಡಕ್ಕನ ಒಳಗಿದ್ದ ಆಯಾ ಎದ್ದು ಕುಳಿತಳು. ಬೆಳಿಗ್ಗೆ ಆರಕ್ಕೇ ಗಂಡನನ್ನು ಎಬ್ಬಿಸಿದಳು. ಮಂಚದಿಂದ ಬಚ್ಚಲವರೆಗೆ ಅವನು ಕಟ್ಟಿದ್ದ ಹಗ್ಗ ಬಿಚ್ಚಿಸಿದಳು. ಸ್ನಾನಕ್ಕೆ ಕೂರುವ ಪ್ಲಾಸ್ಟಿಕ್ ಸ್ಟೂಲು ಅಟ್ಟ ಸೇರಿತು. ಹಿಡಿದು ನಡೆಯುವ ವಾಕರ್ ಪಕ್ಕದ ಮನೆಗೆ ಹೋಯಿತು. ಎರಡು ನೋವಿನ ಮಾತ್ರೆ ನುಂಗಿ, ಇಸ್ತ್ರಿ ಬಟ್ಟೆ ಉಟ್ಟು, ಒಲೆಯ ಕಟ್ಟೆ ಹಿಡಿದು ನಿಂತಳು.

"ಇದೆಲ್ಲ ಬೇಕಾ? ಇದ್ದದ್ದು ಇದ್ದ ಹಾಗೇ ನೋಡ್ಲಿ ಬಿಡೆ" ಎಂದ ಗಂಡ.

"ಬಂದೋರ ಮುಂದೆ ಮನೆ ಆಸ್ಪತ್ರೆ ಥರ ಕಾಣ್ಬೇಕೇನ್ರಿ? ನೀವು ಮಾತ್ರ ಬಾಯಿ ಬಿಡಬೇಡಿ."

ಬಂದದ್ದು ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕೈಯಲ್ಲಿ ಫೈಲು, ಜೇಬಿನಲ್ಲಿ ಅಳತೆ ಟೇಪು. ಏದುಸಿರು ಬಿಡುತ್ತ ಕುರ್ಚಿಗೆ ಕುಸಿದಳು. ದೊಡ್ಡಕ್ಕ ಎರಡು ಹೆಜ್ಜೆಯೂ ಇಡದೆ, ನಿಂತಲ್ಲೇ ಟೀ ಮಾಡಿ ಗಂಡನ ಕೈಯಲ್ಲಿ ಕೊಡಿಸಿದಳು.

"ಅಮ್ಮ, ಒಬ್ಬರೇ ಸ್ನಾನ ಮಾಡ್ಕೊಳ್ತೀರಾ?"

"ಅಯ್ಯೋ, ಅದಕ್ಕೂ ಜನ ಬೇಕಾ?"

"ಮನೆಯೊಳಗೆ ಓಡಾಡೋಕೆ?"

"ಹುಟ್ಟಿದಾಗಿಂದ ಓಡಾಡ್ತಾನೇ ಇದೀನಿ ಕಣಮ್ಮ."

"ಮೆಟ್ಟಿಲು ಇಳೀತೀರಾ?"

ದೊಡ್ಡಕ್ಕ ಕಟ್ಟೆಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು. "ಇಳೀಬೇಕು ಅಂದ್ರೆ ಇಳೀತೀನಿ. ಅದೇನು ಮಹಾ."

ಗಂಡನ ಮುಖ ಇಂಗು ತಿಂದ ಮಂಗನ ಹಾಗಾಗಿತ್ತು. ಅಧಿಕಾರಿ ಸಂತೋಷದಿಂದಲೇ ಗುರುತು ಹಾಕಿದಳು. "ಒಳ್ಳೇದಾಯ್ತಮ್ಮ, ಗಟ್ಟಿಮುಟ್ಟಾಗಿದ್ದೀರ. ನಾಲ್ಕು ಅಂಕ ಬಂದಿದೆ. ಮುಂದಿನ ಬ್ಲಾಕಿಗೆ ಖಂಡಿತ ನೋಡೋಣ" ಎಂದು ಕೈಮುಗಿದು ಹೊರಟೇಬಿಟ್ಟಳು.

ಬಾಗಿಲು ಮುಚ್ಚಿತು. ದೊಡ್ಡಕ್ಕ ಕಟ್ಟೆ ಹಿಡಿದೇ ನಿಂತಿದ್ದಳು. ಕುರ್ಚಿ ನಾಲ್ಕು ಹೆಜ್ಜೆ ದೂರವಿತ್ತು, ನಡುವೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಅವಳೇ ತೆಗೆಸಿದ್ದಳಲ್ಲ.

"ಇಪ್ಪತ್ತೆಂಟು ವರ್ಷ ಟಿಕೆಟ್ ಹರಿದಿದೀನಿ" ಎಂದ ಗಂಡ ಮೆಲ್ಲಗೆ. "ಸ್ಟಾಪ್ ಬರೋಕೆ ಮುಂಚೆ ಇಳಿಯೋಕೆ ಹೋಗಿ ಬಿದ್ದೋರನ್ನ ನೋಡಿದೀನಿ. ತನ್ನ ಸ್ಟಾಪ್ ಬಂದ್ರೂ ಕಿಟಕಿ ನೋಡ್ತಾ ಕೂತೋಳನ್ನ ಇವತ್ತೇ ನೋಡಿದ್ದು."

ಸಿಟ್ಟು ಬರಬೇಕಿತ್ತು. ಬಂದದ್ದು ಅಳು. ಇನ್ನೂ ಮೂರು ವರ್ಷ ಈ ಗೋಡೆಗಳ ನಡುವೆ! ಅವಳು ಗಂಡನ ಹೆಗಲು ಹಿಡಿದು ಬಾಗಿಲಿಗೆ ಬಂದಳು. ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳಿಸುತ್ತಿದ್ದ ಅದೇ ಗಂಟಲಿನಲ್ಲಿ ಕೂಗಿದಳು.

"ನಿಲ್ಲಮ್ಮಾ ಅಲ್ಲೇ! ನಾನು ಹೇಳಿದ್ದೆಲ್ಲ ಸುಳ್ಳು!"

ಎರಡನೇ ಮಹಡಿಯ ತಿರುವಿನಲ್ಲಿ ಅಧಿಕಾರಿ ಗಕ್ಕನೆ ನಿಂತಳು. ದೊಡ್ಡಕ್ಕ ಮೇಲಿನ ಮೆಟ್ಟಿಲ ಮೇಲೆ ಕೂತು, ಇಸ್ತ್ರಿ ಬಟ್ಟೆಯನ್ನು ಮಂಡಿಯವರೆಗೆ ಎಳೆದು, ಎರಡೂ ಅಂಗೈ ಊರಿ ಜಾರಿದಳು. ಒಂದು. ಇನ್ನೊಂದು. ಅಧಿಕಾರಿ ಓಡಿಬಂದು ತೋಳು ಹಿಡಿಯಲು ಹೋದಳು.

"ಮುಟ್ಟಬೇಡ. ನೋಡೋಕೆ ತಾನೇ ಬಂದಿದ್ದು? ನೋಡು."

ಹದಿನೆಂಟನೇ ಮೆಟ್ಟಿಲಿಗೆ ಪಕ್ಕದ ಮನೆಯವಳು ವಾಕರ್ ಹಿಡಿದುಕೊಂಡು ಮೇಲಿನಿಂದ ಇಳಿದು ಬಂದು, "ದೊಡ್ಡಕ್ಕ, ಇದನ್ನ ಇನ್ನೂ ಬಚ್ಚಿಡ್ಬೇಕಾ?" ಎಂದಳು. ಅಧಿಕಾರಿ ವಾಕರನ್ನೂ ನೋಡಿದಳು, ದೊಡ್ಡಕ್ಕನನ್ನೂ ನೋಡಿದಳು. ದೊಡ್ಡಕ್ಕನಿಗೆ ನಾಚಿಕೆಯಿಂದ ಭೂಮಿ ಬಾಯಿ ಬಿಡಬಾರದೇ ಅನಿಸಿತು. ಆಮೇಲೆ ಯಾಕೋ ನಗು ಬಂತು, ಬಂದದ್ದು ನಿಲ್ಲಲಿಲ್ಲ. ಮೂವತ್ತನೇ ಮೆಟ್ಟಿಲಲ್ಲಿ ದಮ್ಮು ತೆಗೆದುಕೊಳ್ಳಲು ಕೂತಾಗ ಅಧಿಕಾರಿಯೂ ಫೈಲು ತೊಡೆಯ ಮೇಲಿಟ್ಟುಕೊಂಡು ಅದೇ ಮೆಟ್ಟಿಲಲ್ಲಿ ಪಕ್ಕಕ್ಕೆ ಕೂತಳು.

"ಯಾಕಮ್ಮ ಮುಚ್ಚಿಟ್ರಿ?"

"ಸಾವಿರಾರು ಜನಕ್ಕೆ ಹೇಳಿದೀನಿ ಕಣೆ, ನನ್ನ ಹತ್ರ ಎಂಥ ನಾಚಿಕೆ ಅಂತ. ಆ ಕಡೆ ಮಲಗಿದೋರಿಗೆ ಎಷ್ಟು ಕಷ್ಟ ಅಂತ ನಂಗೆ ಇವತ್ತು ಗೊತ್ತಾಯ್ತು."

ಅಧಿಕಾರಿ ಫೈಲು ಬಿಚ್ಚಿದಳು. "ತಪ್ಪು ನಂದೂ ಇದೆ. ಆಗುತ್ತಾ ಅಂತ ಕೇಳಿದ್ರೆ ಯಾರು ತಾನೇ ಇಲ್ಲ ಅಂತಾರೆ? ಮಾಡಿ ತೋರಿಸಿ ಅನ್ಬೇಕಿತ್ತು" ಎಂದು, ಬರೆದದ್ದಕ್ಕೆ ಅಡ್ಡಗೆರೆ ಎಳೆದು ಹೊಸ ಹಾಳೆ ತೆಗೆದಳು.

ಐವತ್ತೊಂದು ಮೆಟ್ಟಿಲಿಗೆ ಇಪ್ಪತ್ತೆರಡು ನಿಮಿಷ ಹಿಡಿಯಿತು. ಕೆಳಗೆ ಟೈಲರ್ ಅಂಗಡಿಯ ಹೆಂಗಸರು ಈ ಸಲವೂ ಅಯ್ಯೋ ಪಾಪ ಎಂದರು. "ಪಾಪ ಆಮೇಲೆ ಅನ್ನಿ, ಮೊದಲು ಒಂದು ಕುರ್ಚಿ ಕೊಡಿ" ಎಂದಳು ದೊಡ್ಡಕ್ಕ. ಸಂಜೆಯವರೆಗೂ ಮೇಲಕ್ಕೆ ಬರಲೊಪ್ಪದೆ ರಸ್ತೆ ನೋಡುತ್ತ ಕೂತಳು.

ಹದಿನೇಳು ಅಂಕ ಬಂತು. ಆರು ತಿಂಗಳಿಗೆ ಮನೆಯ ಬೀಗದಕೈಯೂ ಬಂತು. ಅಷ್ಟರಲ್ಲಿ ನಗರಸಭೆಯ ಅರ್ಜಿಯೇ ಬದಲಾಗಿತ್ತು. ಪ್ರಶ್ನೆಗಳನ್ನು ಕಡಿಮೆ ಮಾಡಿ, ಅಧಿಕಾರಿಗಳು ಅರ್ಜಿದಾರರ ಜೊತೆ ಬಾಗಿಲಿನಿಂದ ರಸ್ತೆಯವರೆಗೆ ಹೋಗಿ ಬರಬೇಕು ಎಂದು ಹಾಕಿದ್ದರು.

ಹೊಸ ಮನೆಯ ಮೊದಲ ಬೆಳಿಗ್ಗೆ ಗಂಡನಿಗೆ ಎಚ್ಚರವಾದಾಗ ಪಕ್ಕದ ಹಾಸಿಗೆ ಖಾಲಿ. ಬಚ್ಚಲಲ್ಲಿ ಇಲ್ಲ, ಅಡುಗೆಮನೆಯಲ್ಲೂ ಇಲ್ಲ. ಮುಂಬಾಗಿಲು ಹಾರು ಹೊಡೆದಿತ್ತು. ಅವನು ಬರಿಗಾಲಲ್ಲೇ ಹೊರಗೆ ಓಡಿದ. ದೊಡ್ಡಕ್ಕ ರಸ್ತೆಯ ಬದಿಯಲ್ಲಿ ವಾಕರ್ ಹಿಡಿದು ನಿಂತಿದ್ದಳು. ತಲೆ ಬಾಚಿರಲಿಲ್ಲ, ಬಟ್ಟೆ ಮುದ್ದೆಯಾಗಿತ್ತು, ಹೋಗಿಬರುವವರೆಲ್ಲ ನೋಡುತ್ತಿದ್ದರು.

"ಏನಾಯ್ತೇ? ಎಲ್ಲಿಗೆ ಹೊರಟೆ?"

"ಎಲ್ಲಿಗೂ ಇಲ್ಲ ಕಣ್ರಿ" ಎಂದಳು. "ಸುಮ್ನೆ ಬಂದೆ."