ಏಳು ಕೊರಳಿನ ಅಂಗಿ

ನೃತ್ಯ ಕಾಲೇಜಿನ ಹಿಂದಿನ ಗೇಟಿಗೆ ಎದುರಾಗಿ, ಎರಡು ಹೊಲಿಗೆ ಮೆಷಿನ್ ಹಿಡಿಸುವಷ್ಟು ಜಾಗದಲ್ಲಿ ಅವರು ಇಪ್ಪತ್ತಾರು ವರ್ಷದಿಂದ ಹೊಲಿಯುತ್ತಿದ್ದರು. ವಿದ್ಯಾರ್ಥಿಗಳಿಗೆಲ್ಲ ಅವರು ಟೈಲರ್ ಆಂಟಿ. ಗಂಡ ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು. ಮಧ್ಯಾಹ್ನ ಊಟದ ಡಬ್ಬಿ ತಂದುಕೊಟ್ಟು, ಅಂಗಡಿಯ ಹೊರಗೆ ಸ್ಟೂಲು ಹಾಕಿಕೊಂಡು, ಹೋಗಿಬರುವ ಬಸ್ಸುಗಳಲ್ಲಿ ತಪ್ಪು ಹುಡುಕುತ್ತಿದ್ದರು.

ಕೊನೆಯ ವರ್ಷದ ವಿದ್ಯಾರ್ಥಿಗಳು ಪದವಿಗಾಗಿ ತಾವೇ ಒಂದು ಹೊಸ ನೃತ್ಯ ಕಟ್ಟಿ ಆಡಿ ತೋರಿಸಬೇಕಿತ್ತು. ಆಧುನಿಕ ನೃತ್ಯ, ಯಾರು ಏನು ಬೇಕಾದರೂ ಆಗಬಹುದು. ಒಂದು ವರ್ಷ ಒಬ್ಬ ಸೋರುವ ನಲ್ಲಿಯಾಗಿದ್ದ. ಇನ್ನೊಂದು ವರ್ಷ ಇಬ್ಬರು ಸೇರಿ ಊಟದ ಬಿಡುವಿನ ಸರ್ಕಾರಿ ಕಚೇರಿಯಾಗಿದ್ದರು. ಆಂಟಿ ಯಾರನ್ನೂ ಯಾಕೆ ಎಂದು ಕೇಳಿದವರಲ್ಲ. ಕೈ ಎಷ್ಟು ಎತ್ತುತ್ತೀರಿ ಎಂದು ಕೇಳಿ ಅಳತೆ ಬರೆದುಕೊಳ್ಳುತ್ತಿದ್ದರು.

ಆ ವರ್ಷ ಸಣಕಲು ಹುಡುಗಿಯೊಬ್ಬಳು ಬಂದು, ಏಳು ಜನಕ್ಕೆ ಸೇರಿ ಒಂದೇ ಅಂಗಿ ಬೇಕು ಎಂದಳು. ಏಳು ಕೊರಳು, ಹದಿನಾಲ್ಕು ತೋಳು, ಒಡಲು ಮಾತ್ರ ಒಂದು. ಅವಳ ನೃತ್ಯದ ಹೆಸರು ‘ಕುಟುಂಬ’. ಅವಳೂ ಸೇರಿ ಆರು ಜನ ಬಂದು ಅಳತೆ ಕೊಟ್ಟರು. ಏಳನೆಯವಳು ಮಾತ್ರ ಕೈಗೆ ಸಿಗಲೇ ಇಲ್ಲ. ಅವಳು ನಿಮ್ಮಷ್ಟೇ ಇದ್ದಾಳೆ ಎಂದು ಹುಡುಗಿ ಹೇಳಿದ್ದರಿಂದ ಆಂಟಿ ತಮ್ಮ ಅಳತೆಯನ್ನೇ ಹಾಕಿ ಕತ್ತರಿಸಿದರು. ಬಟ್ಟೆ ಸ್ವಲ್ಪ ಸಾಲದೆ, ಮೂರನೇ ಕೊರಳಿನ ಉದ್ದನೆಯ ಹುಡುಗನಿಗೆ ಕಂಕುಳಲ್ಲಿ ಅರ್ಧ ಇಂಚು ಬಿಗಿಯಾಯಿತು. ಹಾಗೆಂದು ಎಚ್ಚರಿಸಿದಾಗ ಹುಡುಗಿ, ಕುಟುಂಬ ಅಂದ ಮೇಲೆ ಒಂಚೂರು ಇರುಸುಮುರುಸು ಇರಬೇಕು ಎಂದಳು.

ಪ್ರದರ್ಶನದ ದಿನ ಮಧ್ಯಾಹ್ನ ಏಳನೆಯವಳು ಬಸ್ಸಿಳಿಯುವಾಗ ಪಾದ ಉಳುಕಿಸಿಕೊಂಡಳು. ಅವಳಿಲ್ಲದೆ ಮಾಡೋಣವೆಂದರೆ ಖಾಲಿ ಕೊರಳು ನೆಲಕ್ಕೆ ಜೋತು, ಪಕ್ಕದವರು ತುಳಿದು, ಇಡೀ ಕುಟುಂಬ ಸಾಲಾಗಿ ಬಿದ್ದಿತು. ಹುಡುಗಿ ರಸ್ತೆ ದಾಟಿ ಓಡಿ ಬಂದಳು.

“ಆಂಟಿ, ಆ ಏಳನೇ ಕೊರಳು ಆಗೋದು ನಿಮಗೊಬ್ಬರಿಗೇ. ಕುಣಿಯೋದೇನೂ ಬೇಡ. ಬಟ್ಟೆ ಎಳೆದ ಕಡೆ ಹೋಗಿ, ಸಾಕು.”

ಆಂಟಿ ಗಂಡನ ಮುಖ ನೋಡಿದರು. ಅವರು ಸ್ವಲ್ಪ ಯೋಚಿಸಿ, “ಹೋಗು. ಬ್ರೇಕ್ ಹಾಕಿದಾಗ ಮುಂದಕ್ಕೆ ಬಾಗಬೇಡ” ಎಂದರು.

ವೇದಿಕೆಯ ಮೇಲೆ ಕಣ್ಣು ಕುಕ್ಕುವ ಬೆಳಕು. ಸಂಗೀತದ ಬದಲು ಯಾರೋ ಕುರ್ಚಿ ಎಳೆದಾಡುವ ಸದ್ದು. ಆಂಟಿ ಎಡಕ್ಕೆ ಹೋದರು, ಬಲಕ್ಕೆ ಹೋದರು, ಕೂತರು, ಒಮ್ಮೆ ಮಲಗಿದರು. ತಾವು ಹೊಲಿದ ಬಟ್ಟೆಯೊಳಗೆ ಇನ್ನೂ ಆರು ಎದೆ ಏರಿಳಿಯುವುದು ಅವರಿಗೆ ತಿಳಿಯುತ್ತಿತ್ತು. ಭಯ ಅರ್ಧಕ್ಕರ್ಧ ಹೋಯಿತು. ಅಷ್ಟರಲ್ಲಿ ಉದ್ದನೆಯ ಹುಡುಗ ಕೈ ಎತ್ತಿದ, ಕಂಕುಳು ಪರ್ರನೆ ಹರಿಯಿತು.

ಹರಿದ ಹೊಲಿಗೆಯನ್ನು ಕಂಡೂ ಸುಮ್ಮನಿರುವುದು ಅವರಿಂದ ಆಗುವ ಕೆಲಸವಲ್ಲ. ಒಳಗಿನ ಕುಪ್ಪಸಕ್ಕೆ ಸಿಕ್ಕಿಸಿಕೊಂಡಿದ್ದ ದಾರ ಪೋಣಿಸಿದ ಸೂಜಿ ತೆಗೆದರು. ಕೈಗೆ ಎಟುಕಲಿಲ್ಲ. ಬಟ್ಟೆಯನ್ನು ಹಿಡಿಹಿಡಿಯಾಗಿ ಎಳೆದುಕೊಂಡರು. ಕುಟುಂಬವೆಲ್ಲ ಸುತ್ತಿಕೊಂಡು ಅವರ ಬಳಿಗೆ ಬಂತು. ನಾಲಿಗೆ ಕಚ್ಚಿಕೊಂಡು ಹೊಲಿಯತೊಡಗಿದರು. ಹುಡುಗ ಮಿಸುಕಿದಾಗ, “ಅಲ್ಲಾಡಬೇಡಪ್ಪ, ಚುಚ್ಚುತ್ತೆ” ಎಂದರು. ಆ ಮಾತು ಕೊನೆಯ ಸಾಲಿನವರೆಗೂ ಕೇಳಿಸಿತು. ನಾಲ್ಕು ನಿಮಿಷ ಆರೂ ಜನ ಕಂಬದಂತೆ ನಿಂತರು. ಆಂಟಿ ದಾರವನ್ನು ಹಲ್ಲಿನಲ್ಲಿ ಕತ್ತರಿಸಿದರು. ದೀಪ ಆರಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಹೊರಗಿನಿಂದ ಬಂದಿದ್ದ ಪರೀಕ್ಷಕಿ ಒಳಗೆ ಬಂದು, ಆ ದೀರ್ಘ ನಿಶ್ಚಲತೆಯ ಹಿಂದೆ ಏನಿತ್ತು ಎಂದು ಗಂಭೀರವಾಗಿ ಕೇಳಿದರು.

“ಅರ್ಧ ಇಂಚು ಬಿಗಿ ಇತ್ತು. ನಾನು ಮೊದಲೇ ಹೇಳಿದ್ದೆ” ಎಂದರು ಆಂಟಿ.

ಪರೀಕ್ಷಕಿ ಅದನ್ನು ಬರೆದುಕೊಂಡು, ಕೆಳಗೆ ಎರಡು ಗೆರೆ ಎಳೆದರು.

ತೊಡಕಾದದ್ದು ಆಫೀಸಿನಲ್ಲಿ. ದಾಖಲಾಗದವರು ಪರೀಕ್ಷೆಯಲ್ಲಿ ಕುಣಿದರೆ ಎಲ್ಲರ ಅಂಕವೂ ರದ್ದು ಎಂಬ ನಿಯಮವಿತ್ತು. ಕಾಲೇಜಿನ ಗುಮಾಸ್ತ ಒಳ್ಳೆಯ ಮನುಷ್ಯ. ಆರು ಮಕ್ಕಳ ವರ್ಷ ಹಾಳಾಗಬಾರದೆಂದು ನಿಯಮದ ಪುಸ್ತಕ ಮಗುಚಿ ಹಾಕಿ, ಆಂಟಿಯನ್ನು ಆ ಒಂದು ದಿನದ ಮಟ್ಟಿಗೆ ವಿದ್ಯಾರ್ಥಿನಿಯಾಗಿ ಸೇರಿಸಿಕೊಂಡರು. ಪಾಲಕರ ಸಹಿಯ ಜಾಗದಲ್ಲಿ ಗಂಡ ರುಜು ಹಾಕಿದರು.

ತಿಂಗಳ ನಂತರ ಫಲಿತಾಂಶ ಬಂತು. ಆರೂ ಜನ ಪಾಸು. ಆಂಟಿಗೆ ಪ್ರಾಯೋಗಿಕದಲ್ಲಿ ಎಪ್ಪತ್ತೊಂದು, ಬರವಣಿಗೆಯ ಪರೀಕ್ಷೆಗೆ ಗೈರುಹಾಜರು, ಒಟ್ಟಿನಲ್ಲಿ ಫೇಲು. ಆ ಕಾಗದವನ್ನು ಹರಿದು ಬಿಸಾಕಿ ಎಂದು ಗುಮಾಸ್ತರು ಹೇಳಿಕಳಿಸಿದರು.

ಆಂಟಿ ಅದನ್ನು ಹರಿಯದೆ ಮಡಿಸಿ ಮೆಷಿನ್ ಮೇಲಿಟ್ಟುಕೊಂಡರು. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಮ್ಮನ ಕಣ್ಣು ಮಂಜಾಗಿ, ಮೆಷಿನ್ ಮುಂದೆ ಮಗಳು ಕೂರಬೇಕಾಗಿ ಬಂದಿತ್ತು. ಆಮೇಲೆ ಪಾಸಾಗುವ ಮಾತಿರಲಿ, ಫೇಲಾಗುವ ಅವಕಾಶವನ್ನೂ ಯಾರೂ ಕೊಟ್ಟಿರಲಿಲ್ಲ. “ಫೇಲು ಅಂತ ಬರೆದಿದ್ದಾರಲ್ಲ, ಹಾಗಾದ್ರೆ ನಾನು ಪರೀಕ್ಷೆ ಬರೀಬಹುದು ಅಂತ ತಾನೆ?” ಎಂದು ಗಂಡನನ್ನು ಕೇಳಿದರು. ಅವರಿಗೂ ಅದು ಸರಿಯೆನಿಸಿತು.

ಸಣಕಲು ಹುಡುಗಿ ದಿನಾ ಬಂದು ಪಾಠ ಹೇಳಿದಳು. ಆಂಟಿ ಹೊಲಿಯುತ್ತಲೇ ಕೇಳಿಸಿಕೊಂಡರು. ಗಂಡ ಸ್ಟೂಲನ್ನು ಒಳಗೆ ತಂದುಕೊಂಡು, ನೃತ್ಯದ ಇತಿಹಾಸದ ಎಲ್ಲ ಇಸವಿಗಳನ್ನೂ ಬಾಯಿಪಾಠ ಮಾಡಿ, ಅಡುಗೆಮನೆಯಲ್ಲಿ ಹೆಂಡತಿಗೆ ಪ್ರಶ್ನೆ ಹಾಕತೊಡಗಿದರು. ಪರೀಕ್ಷೆಯಲ್ಲಿ ಒಂದೇ ಒಂದು ಇಸವಿಯೂ ಬರಲಿಲ್ಲ. ದೇಹಕ್ಕೂ ಅದರ ಸುತ್ತಲಿನ ಜಾಗಕ್ಕೂ ಇರುವ ಸಂಬಂಧ ವಿವರಿಸಿ ಎಂದು ಕೇಳಿದ್ದರು. ಕೈ ಮೇಲೇಳಬೇಕಾದರೆ ಬಟ್ಟೆ ಎಲ್ಲೆಲ್ಲಿ ಸಡಿಲವಿರಬೇಕು, ಒಬ್ಬರ ಎಡಭುಜ ಬಲಭುಜಕ್ಕಿಂತ ಯಾಕೆ ಇಳಿದಿರುತ್ತದೆ ಎಂದು ಆಂಟಿ ಹನ್ನೊಂದು ಪುಟ ಬರೆದರು, ಮೂರು ಚಿತ್ರ ಸಮೇತ. ನಲವತ್ತು ಬೇಕಿತ್ತು, ನಲವತ್ತೆಂಟು ಬಂತು. ಹಾಜರಾತಿ ಸಾಲದೆಂದು ಒಂದು ತಕರಾರೆದ್ದಿತು. ಸೇರಿದ್ದು ಒಂದು ದಿನ, ಬಂದದ್ದು ಒಂದು ದಿನ, ನೂರಕ್ಕೆ ನೂರು ಎಂದು ಗುಮಾಸ್ತರು ಲೆಕ್ಕ ತೋರಿಸಿದರು.

ಪದವಿ ಪತ್ರ ಕೈಗೆ ಬಂದ ದಿನ ಸಂಜೆಯೊಳಗೆ ಎರಡು ಪ್ಯಾಂಟು ಗಿಡ್ಡ ಮಾಡಿ ಕೊಡಬೇಕಿತ್ತು. ಆಂಟಿ ಅಂಗಡಿ ಬಿಟ್ಟು ಏಳಲಿಲ್ಲ. ಗಂಡ ಪದವಿ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಬಸ್ ಡಿಪೋಗೆ ಹೋದರು. ನಿಮ್ಮ ಮನೆಯವರು ಯಾವ ನೃತ್ಯ ಮಾಡುತ್ತಾರೆ ಎಂದು ಹಳೆಯ ಸಂಗಾತಿಗಳು ಕೇಳಿದರಂತೆ.

“ಈಗಿನ ಕಾಲದ್ದು,” ಎಂದರಂತೆ ಇವರು. “ನಿಮಗೆ ಹೇಳಿದ್ರೆ ಗೊತ್ತಾಗಲ್ಲ.”