ಎತೆಲ್ವೀನಾ ದಾಟಿಸಿದ ಸರದಿ

ಉರುಗ್ವೆ ದೇಶದ ಪಾಯ್ಸಾಂದು ಊರಿನ ನದಿದಂಡೆಯ ಫುಟ್‌ಬಾಲ್ ಕ್ಲಬ್ಬಿನಲ್ಲಿ ಅಂಗಿ ಒಗೆಯುವವಳು ಎತೆಲ್ವೀನಾ. ಒಳಮಗ್ಗುಲು ಹೊರಗೆ ಮಾಡಿಯೇ ಒಗೆಯುವಳು, ಬೆನ್ನಿನ ನಂಬರು ಕಿತ್ತುಬರಬಾರದಲ್ಲ. ಒಣಹಾಕುವುದು ಗೋಲುಕಂಬದ ಮೇಲೆ. ಒಮ್ಮೆ ಪಕ್ಕದ ಮನೆಯ ಹಸು ಗೋಲ್‌ಕೀಪರನ ಅಂಗಿಯ ತೋಳನ್ನೇ ತಿಂದುಬಿಟ್ಟಿತ್ತು. ಇರಲಿ, ಹಸುವಿನ ಮಾತು ಈಗ ಬೇಡ.

ಮಾತು ವಿಲ್ಮಾರನದು. ಮಳೆ ಬಂದ ದಿನವೆಲ್ಲ ಅವಳ ಒಲೆಯ ಮುಂದೆ ಕೂತು, ಚಿಕ್ಕಮ್ಮಾ ಎಂದು ಕರೆಯುತ್ತ, ಕೊಬ್ಬಿನಲ್ಲಿ ಕರಿದ ರೊಟ್ಟಿ ತಿಂದು ಬೆಳೆದ ಕಡ್ಡಿಪೈಲ್ವಾನ. ಕಾಲಿಗೆ ಚೆಂಡು ಅಂಟಿಕೊಂಡ ಹಾಗೆ ಆಡುತ್ತಿದ್ದ. ಸ್ಪೇನಿನ ಕ್ಲಬ್ಬೊಂದರವರು ಕರೆದುಕೊಂಡು ಹೋದರು. ಊರವರು ಕಟುಕನ ಅಂಗಡಿಯ ಗೋಡೆಯ ಮೇಲೆ ಅವನ ಚಿತ್ರ ಬರೆಸಿದರು. ಆಮೇಲೆ ಸ್ಪೇನಿನವರು, ನಮ್ಮ ದೇಶದ ತಂಡದ ಅಂಗಿಯನ್ನೇ ತೊಟ್ಟು ಆಡು ಎಂದರು. ಉರುಗ್ವೆ ತಂಡದವರೋ ಅವನನ್ನು ಕರೆದೇ ಇರಲಿಲ್ಲ. ಯಾರನ್ನು ಕೇಳುವುದು? ಹುಡುಗ ಎತೆಲ್ವೀನಾಗೆ ಫೋನು ಮಾಡಿದ.

“ಹಾಕ್ಕೋ ಮಗಾ,” ಅಂದಿದ್ದಳು. “ಯಾವ ಬಣ್ಣದ ಅಂಗಿ ಆದ್ರೂ ಬೆವರು ಒಂದೇ. ಆಯುಷ್ಯ ಪೂರ್ತಿ ಒಗ್ದವಳು ಹೇಳ್ತಿದೀನಿ.”

ಹಾಕಿಕೊಂಡ. ಹಾಕಿಕೊಂಡವನು ಆಕಾಶನೀಲಿ ಅಂಗಿಯ ನಮ್ಮ ಉರುಗ್ವೆ ತಂಡಕ್ಕೇ ಗೋಲು ಹೊಡೆದ, ಹೊಡೆದು ಕುಣಿದ. ಅಂದು ಸಂಜೆಯೇ ಗೋಡೆಗೆ ಡಾಂಬರು ಬಿತ್ತು. ಕಟುಕ ವಾಲ್ದೆಮಾರ್ ತಾನೇ ಏಣಿ ಹತ್ತಿದ್ದ. ದ್ರೋಹಿ ಎಂದರು, ಇಂಥ ಬುದ್ಧಿ ಯಾರು ಹೇಳಿಕೊಟ್ಟರೋ ಎಂದರು. ಎತೆಲ್ವೀನಾ ತಲೆ ಎತ್ತದೆ ಅಂಗಿ ಹಿಂಡುತ್ತಿದ್ದಳು.

ಮರುವರ್ಷ ತಾಯಿ ತೀರಿಕೊಂಡಾಗ ಮಣ್ಣಿಗೆಂದು ವಿಲ್ಮಾರ್ ಬಂದ. ಮಣ್ಣಾದ ಮೇಲೆ ಕ್ಲಬ್ಬಿನ ಅಂಗಳದಲ್ಲಿ ಎಲ್ಲರೂ ಸುತ್ತ ಕೂತರು. ಮಾಟೆ ಎಲೆಗೆ ಬಿಸಿನೀರು ಹಾಕಿ ಕೊಡುವವಳು ಎತೆಲ್ವೀನಾ. ಒಂದೇ ಸೋರೆಬುರುಡೆ, ಒಂದೇ ಕೊಳವೆ, ಎಲ್ಲರೂ ಸರದಿಯ ಮೇಲೆ ಹೀರಬೇಕು. ವಿಲ್ಮಾರನ ಸರದಿ ಬಂದಾಗ ವಾಲ್ದೆಮಾರ್ ಅವಳನ್ನೇ ದುರುಗುಟ್ಟಿ ನೋಡಿದ. ಅವಳ ಕೈ ಹುಡುಗನನ್ನು ದಾಟಿ ಪಕ್ಕದವನ ಕಡೆ ಹೋಯಿತು. ನಮ್ಮಲ್ಲಿ ಕೆನ್ನೆಗೆ ಹೊಡೆದರೂ ಮರೆತಾರು, ಇದನ್ನು ಮರೆಯರು. ಚಾಚಿದ ಕೈಯನ್ನು ಅವನು ಮೆಲ್ಲಗೆ ಮಂಡಿಯ ಮೇಲಿಟ್ಟುಕೊಂಡ. ಫೋನಿನ ಮಾತನ್ನು ಮಾತ್ರ ಎತ್ತಲಿಲ್ಲ. ಎತ್ತಿ ಬೈದಿದ್ದರೆ ಅವಳ ಎದೆ ಎಷ್ಟೋ ಹಗುರಾಗುತ್ತಿತ್ತು. ಆಮೇಲೆ ಯಾರಿಗೆ ಬುರುಡೆ ಕೊಡಹೋದರೂ ಹುಡುಗನ ಆ ಚಾಚಿದ ಕೈಯೇ ಕಣ್ಣಮುಂದೆ.

ವರ್ಷಗಳು ಹೋದವು. ಮಂಡಿ ಕೆಟ್ಟು, ಆಟ ಮುಗಿಸಿ, ವಿಲ್ಮಾರ್ ಊರಿಗೇ ಬಂದ. ಭಾನುವಾರದ ಪಂದ್ಯಕ್ಕೆ ಬೇಲಿಯಾಚೆ ನಿಂತವನನ್ನು ಎತೆಲ್ವೀನಾ ಕರೆದು ಪಕ್ಕದಲ್ಲಿ ಕೂರಿಸಿಕೊಂಡಳು. ಬುರುಡೆ ತುಂಬಿ ಎಲ್ಲರಿಗಿಂತ ಮೊದಲು ಅವನ ಕೈಗೇ ಇಟ್ಟಳು.

“ಏನಮ್ಮಾ ಎತೆಲ್ವೀನಾ, ದ್ರೋಹಿಗೇ ಮೊದಲ ಮರ್ಯಾದೆನಾ?” ಎಂದ ವಾಲ್ದೆಮಾರ್.

“ಆ ಅಂಗಿ ಹಾಕ್ಕೋ ಅಂದವಳು ನಾನು ಕಣಪ್ಪಾ. ಇವನು ಫೋನ್ ಮಾಡಿ ಕೇಳಿದ್ದ. ನಿನ್ನ ಡಾಂಬರು ನನ್ನ ಮುಖಕ್ಕೆ ಬಳೀಬೇಕಿತ್ತು.”

ಮೈದಾನದಲ್ಲಿ ಯಾರೋ ಗೋಲು ಹೊಡೆದರು, ಇಲ್ಲಿ ಯಾರೂ ಅತ್ತ ನೋಡಲಿಲ್ಲ. ವಾಲ್ದೆಮಾರ್ ಎದ್ದು ಬಂದು ಅವಳ ಮಡಿಲಿನಿಂದ ಬಿಸಿನೀರಿನ ಫ್ಲಾಸ್ಕನ್ನೂ ವಿಲ್ಮಾರನ ಕೈಯಿಂದ ಬುರುಡೆಯನ್ನೂ ತೆಗೆದುಕೊಂಡ. ಸರದಿ ಈಗ ವಾಲ್ದೆಮಾರನ ಕೈಯಿಂದ ಹೊರಟಿತು. ಎತೆಲ್ವೀನಾಳನ್ನು ದಾಟಿತು, ವಿಲ್ಮಾರನನ್ನು ದಾಟಿತು. ಮುಂದಿನ ಸುತ್ತಿನಲ್ಲೂ ದಾಟಿತು.

“ಗಂಟಲು ಒಣಗ್ತಿದೆಯಾ, ಚಿಕ್ಕಮ್ಮಾ?” ವಿಲ್ಮಾರ್ ಮೆಲ್ಲಗೆ ಕೇಳಿದ.

“ಒಣಗ್ತಿದೆ. ಅವತ್ತು ನಿಂಗೂ ಹೀಗೇ ಒಣಗಿತ್ತಾ?”

ಹೂಂ ಎಂದ.