ಮಿಕ್ಕ ಎಡಗಾಲಿನ ಅಟ್ಟೆ

ಟ್ರಂಕು ತೆಗೆದರೆ ಸಾಕು, ತೊಗಲಿನ ವಾಸನೆ ಗಪ್ಪನೆ ಮೂಗಿಗೆ ಬಡಿಯುತ್ತದೆ. ನಾನು ಮತ್ತೆ ಮರಳವಾಡಿಯ ನಮ್ಮ ಒಂದೇ ಕೋಣೆಯ ಮನೆಯಲ್ಲಿರುತ್ತೇನೆ. ಅಪ್ಪ ಬಸ್‌ಸ್ಟ್ಯಾಂಡಿನ ಮರದ ಕೆಳಗೆ ಚಪ್ಪಲಿ ಹೊಲಿಯುತ್ತಿದ್ದ, ಮಿಕ್ಕಿದ್ದನ್ನು ಮನೆಗೂ ತರುತ್ತಿದ್ದ. ಮೇಣ, ಅಂಟು, ನೆನೆಹಾಕಿದ ತೊಗಲು, ಅವ್ವನ ಹುರುಳಿ ಸಾರು ಎಲ್ಲ ಸೇರಿ ಒಂದೇ ವಾಸನೆ. ಅಯ್ಯೋ, ಅದೆಷ್ಟು ಚೆನ್ನಾಗಿತ್ತು!

ಹಾರೋಹಳ್ಳಿ ಕಡೆ ಫ್ಯಾಕ್ಟರಿಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಅಕ್ಕನಿಗೆ ಅಲ್ಲೊಂದರಲ್ಲಿ ಕೆಲಸ ಸಿಕ್ಕಿತು. ನಮ್ಮ ಮನೆಗೆ ಅದೇ ಮೊದಲ ಸಂಬಳದ ಕೆಲಸ. ನಾನಂತೂ ಬೀದಿಯೆಲ್ಲ ಸಾರಿಕೊಂಡು ಬಂದೆ. ಆದರೆ ಕಪ್ಪು ಶೂ ಇಲ್ಲದವರನ್ನು ಗೇಟಿನೊಳಕ್ಕೆ ಬಿಡುವುದಿಲ್ಲವಂತೆ. ಟೀಚರೊಬ್ಬರು ಕೊಟ್ಟ ಹಳೆಯ ಜೋಡಿಯಿತ್ತು. ಮೇಲೆಲ್ಲ ಗಟ್ಟಿ, ಅಡಿಯ ಅಟ್ಟೆ ಮಾತ್ರ ಪೂರಾ ಸವೆದಿತ್ತು. ಅಪ್ಪ ಜೋಪಾನ ಮಾಡಿಟ್ಟಿದ್ದ ದಪ್ಪ ತೊಗಲನ್ನು ಹೊರತೆಗೆದ. "ಗೀಟು ನಾನೇ ಎಳೀತೀನಿ" ಎಂದು ಹಟ ಹಿಡಿದೆ. ಅಕ್ಕನ ಎಡಗಾಲಿನ ಅಳತೆಯ ರಟ್ಟನ್ನಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದೆ, ಪಕ್ಕದಲ್ಲೇ ಮತ್ತೊಂದು. ಬಲಗಾಲಿಗೆ ರಟ್ಟನ್ನು ಮಗುಚಿ ಇಡಬೇಕೆಂಬುದು ಸಂಭ್ರಮದಲ್ಲಿ ಮರೆತೇಹೋಗಿತ್ತು. ಅಪ್ಪನೂ ಅದೇ ಸಂಭ್ರಮದಲ್ಲಿ ಸರಸರನೆ ಕೊಯ್ದುಬಿಟ್ಟ.

ಮರುದಿನ ಬೆಳಿಗ್ಗೆ ಹೊಲಿಯಲು ಕೂತು ನೋಡಿದರೆ ಎರಡೂ ಎಡಗಾಲು! ಕಂಪನಿ ಬಸ್ಸಿಗೆ ಇನ್ನೆರಡೇ ಗಂಟೆ. ಬೇರೆ ತೊಗಲಿಲ್ಲ. ಅಕ್ಕನ ಕಣ್ಣು ತುಂಬಿತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು ನನಗೆ.

"ಮಗುಚಿ ಹೊಲ್ದ್ಬುಡಿ, ಯಾರ್ ನೋಡ್ತಾರೆ?" ಎಂದಳು ಅವ್ವ.

"ಮಗುಚಿದ್ರೆ ತೊಗಲಿನ ಒರಟು ಮೈ ನೆಲಕ್ಕೆ ಬಂದು ನೀರು ಕುಡೀತದೆ. ಗೇಟ್ನೋರು ನೋಡಲ್ಲ ಕಣಮ್ಮಿ, ಮಗಳ ಕಾಲಿಗೆ ಗೊತ್ತಾಯ್ತದೆ," ಎಂದ ಅಪ್ಪ. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಹಬ್ಬಕ್ಕೆಂದು ತಾನೇ ಮಾಡಿಕೊಂಡಿದ್ದ ಹೊಸ ಚಪ್ಪಲಿ ಕಳಚಿ, ಅದರ ಅಟ್ಟೆ ಬಿಚ್ಚಿ, ಅಕ್ಕನ ಬಲಗಾಲಿನ ಅಳತೆಗೆ ಕೊಯ್ದ. ಮೇಣದ ದಾರ ಸುಯ್ ಸುಯ್ ಎಂದು ಓಡಿತು. "ನಡಿ ನಡಿ, ಬಸ್ ಬತ್ತದೆ!" ಟಕಟಕ ಎಂದು ಅಕ್ಕ ಮುಂದೆ, ಬರಿಗಾಲಲ್ಲಿ ಅಪ್ಪ ಪಕ್ಕದಲ್ಲಿ, ಕೇಕೆ ಹಾಕುತ್ತ ನಾನು ಹಿಂದೆ. ಅವಳು ಬಸ್ ಹತ್ತುವಾಗ ಅಪ್ಪ ಅವಳ ಹಿಮ್ಮಡಿಯನ್ನೇ ನೋಡುತ್ತಿದ್ದ.

ಆ ಶೂ ಅಕ್ಕನನ್ನು ಎಷ್ಟೋ ಮಳೆಗಾಲ ದಾಟಿಸಿತು. ಮಿಕ್ಕ ಎಡಗಾಲಿನ ಅಟ್ಟೆಯನ್ನು ಅಪ್ಪ, "ಇರ್ಲಿ, ಇನ್ನೊಂದು ಜೊತೆಗೆ ಆಯ್ತದೆ" ಎಂದು ಟ್ರಂಕಿನಲ್ಲಿಟ್ಟ. ಈಗ ಅಪ್ಪನಿಲ್ಲ, ರಸ್ತೆ ಅಗಲವಾಗಿ ಆ ಮನೆಯೂ ಇಲ್ಲ. ಮೊನ್ನೆ ಅಕ್ಕ ಬಂದಾಗ, ಬಾಗಿಲಲ್ಲಿ ಬಿಟ್ಟ ಅವಳ ಈಗಿನ ಶೂಗಳಲ್ಲಿ ಎಡಗಾಲಿನದು ಅಟ್ಟೆ ಕಿತ್ತು ಬಾಯಿ ಬಿಟ್ಟುಕೊಂಡಿತ್ತು.

"ಬಿಸಾಕ್ಬೇಕು. ಹೊಲಿಯೋರು ಯಾರವ್ರೆ ಈಗ?" ಎಂದಳು.

ನಾನು ಆ ಅಟ್ಟೆ ತಂದು ಅವಳ ಎಡಗಾಲಿನ ಕೆಳಗಿಟ್ಟೆ. ಅಂಚಿನಲ್ಲಿ ನನ್ನ ಸೀಮೆಸುಣ್ಣದ ಗೆರೆ ಇನ್ನೂ ಇತ್ತು. ಅಳತೆ ಒಂದು ನೂಲೂ ತಪ್ಪಿರಲಿಲ್ಲ.